ಉಚ್ಚಂಗಮ್ಮನವರ ಮಜ್ಜಿಗೆಹುಲ್ಲು

ಉಚ್ಚಂಗಮ್ಮನವರು ಯಾರ ಮನೆಗೆ ಹೋದರೂ ಮೊದಲು ಮುಂಬಾಗಿಲಿಗೆ ಹೋಗುತ್ತಿರಲಿಲ್ಲ. ಬೀದಿಯಿಂದ ನೇರವಾಗಿ ಮನೆಯ ಪಕ್ಕದ ಸಂದಿಗೆ ತಿರುಗಿ, ಗೋಡೆಗೊರಗಿಸಿಟ್ಟ ನೇಗಿಲು ನೊಗಗಳನ್ನು ಬಳಸಿಕೊಂಡು ಹಿತ್ತಿಲಿಗೆ ಹೋಗಿ, ಬಚ್ಚಲಿನ ನೀರು ಹೊರಬೀಳುವ ಜಾಗದಲ್ಲಿ ಒಂದು ಗಳಿಗೆ ನಿಂತು, ಬಗ್ಗಿ ನೋಡಿ, ಏನನ್ನೋ ಮುಟ್ಟಿ, ಬೆರಳು ಮೂಸಿ, ಆಮೇಲೆ ಬಂದ ದಾರಿಯಲ್ಲೇ ಹಿಂದಿರುಗಿ ಮುಂಬಾಗಿಲಲ್ಲಿ ನಿಂತು “ಮನ್ಯಾಗೆ ಯಾರದೀರ್ರಿ?” ಎಂದು ಕೂಗುತ್ತಿದ್ದರು. ಹೊಸಬರು ಚರಂಡಿಗೆ ದಂಡ ಹಾಕಲು ಬಂದ ಪುರಸಭೆಯವರೇನೋ ಎಂದು ಹೆದರಿದ್ದುಂಟು. ಗೌರವಸ್ಥರ ಮನೆಗಳಲ್ಲಿ ಕೆಲವರು ಇದನ್ನು ಅವಮಾನವೆಂದು ತಿಳಿದು ಮುಖ ಗಂಟಿಕ್ಕಿದ್ದೂ ಉಂಟು. ಉಚ್ಚಂಗಮ್ಮನವರಿಗೆ ಗಂಟಿಕ್ಕಿದ ಮುಖ ಕಾಣುತ್ತಿರಲಿಲ್ಲ. ಹಿತ್ತಿಲು ನೋಡದೆ ಒಳಗೆ ಬಂದರೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ.

ಕಾರಣವೇನೋ ಸರಳವಾಗಿತ್ತು. ಹಿರಿಯೂರು ಸೀಮೆಯಲ್ಲಿ, ಮಾರಿಕಣಿವೆಯ ಕಾಲುವೆ ಮುಟ್ಟುವ ಊರುಗಳನ್ನು ಬಿಟ್ಟರೆ, ಬೇಸಗೆಯಲ್ಲೂ ತೇವ ಆರದ ನೆಲವೆಂದರೆ ಪ್ರತಿ ಮನೆಯ ಬಚ್ಚಲ ಹಿಂದಿನ ಆ ಅಂಗೈಯಗಲ ಜಾಗವಷ್ಟೇ. ಅಲ್ಲಿ ಅವರು ಮಜ್ಜಿಗೆಹುಲ್ಲನ್ನು ನೆಡಿಸಿರುತ್ತಿದ್ದರು; ಇನ್ನೂ ನೆಡಿಸಿರದಿದ್ದರೆ ಅಂದೇ ನೆಡಿಸಲು ಬಂದಿರುತ್ತಿದ್ದರು. ಕಬ್ಬಿನ ಮರಿಯಂತೆ ಒತ್ತೊತ್ತಾಗಿ ಎದ್ದು, ಉದ್ದುದ್ದ ಬಾಗಿ, ಮುಟ್ಟಿದ ಬೆರಳಿಗೆ ನಿಂಬೆಯ ಪರಿಮಳವನ್ನು ಅಂಟಿಸಿ, ಅಜಾಗರೂಕತೆಯಿಂದ ಎಳೆದರೆ ಅದೇ ಬೆರಳನ್ನು ಕುಯ್ಯುವ ಆ ಹುಲ್ಲನ್ನು ಅವರು ಒಂದು ದಶಕದ ಕಾಲ ಮನೆಯಿಂದ ಮನೆಗೆ, ಊರಿಂದ ಊರಿಗೆ ದಾಟಿಸಿದರು.

ನಾನು ಹಿರಿಯೂರಿನ ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಬಂದದ್ದು ಎಪ್ಪತ್ತಮೂರರಲ್ಲಿ. ನನಗೆ ಬಾಡಿಗೆಗೆ ಸಿಕ್ಕ ಮನೆಯ ಇನ್ನರ್ಧ ಭಾಗದಲ್ಲಿ ಉಚ್ಚಂಗಮ್ಮನವರಿದ್ದರು. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಅವರು ಬ್ಲಾಕ್ ಆಫೀಸಿನ ಗ್ರಾಮಸೇವಿಕೆ. ಹಳ್ಳಿಗಳಿಗೆ ಹೋಗಿ ಮಹಿಳಾ ಮಂಡಳಿ ಸೇರಿಸುವುದು, ಬಾಣಂತಿಯರಿಗೆ ಬುದ್ಧಿ ಹೇಳುವುದು, ಹಿತ್ತಿಲಲ್ಲಿ ತರಕಾರಿ ಬೆಳೆಯಿರೆಂದು ಬೀಜ ಹಂಚುವುದು ಅವರ ಉದ್ಯೋಗ. ಚಿತ್ರದುರ್ಗದ ಸಮೀಪದ ಹಳ್ಳಿಯವರು. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಓದಿ, ತರಬೇತಿ ಪಡೆದು, ಮೊದಲು ಹೊಸದುರ್ಗದಲ್ಲಿ, ಆಮೇಲೆ ಇಲ್ಲಿ ಕೆಲಸಕ್ಕೆ ನಿಂತವರು. ನಾನು ಸಾಮಾನು ಇಳಿಸಿದ ದಿನವೇ ಹಿತ್ತಿಲ ಕಡೆಯಿಂದ ಬಂದು, “ಮೇಷ್ಟ್ರೆ, ನಿಮ್ಮ ಬಚ್ಚಲ ನೀರು ಸುಮ್ಕೆ ಹಾಳಾಗ್ತಾ ಐತಲ್ರಿ,” ಎಂದರು. ಅದು ಅವರು ನನಗೆ ಆಡಿದ ಮೊದಲ ಮಾತು.

ಸೀರೆಯ ಮೇಲೆ ಅವರೊಂದು ಕರಿಯ ಗಂಡಸರ ಕೋಟು ತೊಡುತ್ತಿದ್ದರು. ತೋಳು ಉದ್ದವಾದ್ದರಿಂದ ಮಡಿಸಿ ಹೊಲಿದಿದ್ದರು. ಎರಡೂ ಬದಿಯ ಜೇಬುಗಳು ಜೋತುಬಿದ್ದು ಗೋಣಿಚೀಲದ ಬಾಯಿಯಂತಾಗಿದ್ದವು. ಅದು ತೀರಿಹೋದ ಗಂಡನದೆಂದು ಊರು ನಂಬಿತ್ತು, ನಂಬಿ ಮರುಗುತ್ತಿತ್ತು. ನಾನೂ ಹಾಗೇ ತಿಳಿದು ಒಮ್ಮೆ ಅತ್ಯಂತ ಗೌರವದಿಂದ ಆ ಪ್ರಸ್ತಾಪವೆತ್ತಿದೆ. ಅವರು ನಕ್ಕುಬಿಟ್ಟರು. “ನಮ್ಮನೆಯವ್ರು ಕೋಟು ಕಂಡೋರೇ ಅಲ್ರಿ. ದುರ್ಗದ ಸಂತ್ಯಾಗೆ ತಗಂಡಿದ್ದು ಇದು. ಸೀರೆಗೆ ಜೇಬಿರ್ತಾವೇನು?” ಆ ಜೇಬುಗಳಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹುಲ್ಲಿನ ಮರಿಗಳಿರುತ್ತಿದ್ದವು: ಬುಡದಿಂದ ಬೇರುಸಹಿತ ಬಿಡಿಸಿ, ಗರಿಯ ತುದಿ ಕತ್ತರಿಸಿ, ಬಿಳಿಯ ದಂಟು ಮಾತ್ರ ಉಳಿಸಿದ ಮರಿಗಳು. ನಡೆಯುವಾಗ ಬಲಭುಜವನ್ನು ಕೊಂಚ ಮುಂದೆ ಚಾಚಿ, ತಲೆ ತಗ್ಗಿಸಿ, ಎದುರುಗಾಳಿಗೆ ಹೋಗುವವರಂತೆ ನಡೆಯುತ್ತಿದ್ದರು. ಗಾಳಿಯಿಲ್ಲದ ದಿನವೂ ನಡಿಗೆ ಹಾಗೆಯೇ ಇರುತ್ತಿತ್ತು. ಮಾತಿನಲ್ಲೂ ಒಂದು ವಿಶೇಷವಿತ್ತು. ಎದುರಿನವರು ಹೇಳಿದ ಮಾತಿನ ಕೊನೆಯ ಪದವನ್ನು ಹಿಡಿದು ಪ್ರಶ್ನೆಯಾಗಿ ಹಿಂದಿರುಗಿಸುವುದು. “ಮಳೆ ಬಂತು” ಎಂದರೆ “ಬಂತಾ?” “ಮಗಳಿಗೆ ಗಂಡು ನೋಡಿವಿ” ಎಂದರೆ “ನೋಡಿದ್ರಾ?” ಅದರಲ್ಲಿ ಸಂಶಯವಿರಲಿಲ್ಲ. ಹೇಳಿದ್ದನ್ನು ಎರಡು ಕೈಯಲ್ಲಿ ತೆಗೆದುಕೊಂಡೆ ಎಂಬ ಭಾವವಿತ್ತು. ಹಾಗಾಗಿ ಹೆಂಗಸರು ಅವರಿಗೆ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು.

ಆ ಹುಲ್ಲು ಅವರಿಗೆ ಸಿಕ್ಕಿದ್ದು, ಇನ್ನೂ ಹೊಸದುರ್ಗದ ಕೆಲಸದಲ್ಲಿದ್ದಾಗ, ಮಾರಿಕಣಿವೆಯ ನೀರಾವರಿ ಕ್ವಾರ್ಟರ್ಸಿನಲ್ಲಿ. ಮಂಗಳೂರು ಕಡೆಯ ಓವರ್‌ಸಿಯರೊಬ್ಬರ ಹೆಂಡತಿ ಊರಿನಿಂದ ತಂದು ನೆಟ್ಟಿದ್ದರಂತೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಣೆಕಟ್ಟಿನ ಬಂಡೆಗಳೆಲ್ಲ ಕಾದು ಹೊಗೆಯಾಡುತ್ತಿದ್ದಾಗ, ಆಕೆ ಎರಡು ಗರಿಯನ್ನು ಗಂಟುಹಾಕಿ, ಜಜ್ಜಿ, ಉಪ್ಪಿನ ಮಜ್ಜಿಗೆಯಲ್ಲಿ ಅದ್ದಿ ಕೊಟ್ಟರು. “ಕುಡಿದ ಕೂಡ್ಲೆ ಎದಿಯಾಗೆ ಒಂದು ಕಿಟಕಿ ತೆಗೆದಂಗಾತು ಮೇಷ್ಟ್ರೆ,” ಎಂದು ಉಚ್ಚಂಗಮ್ಮನವರು ಆ ಗಳಿಗೆಯನ್ನು ಹಲವು ಸಲ ವರ್ಣಿಸಿದ್ದಾರೆ. ಆ ಮೋಹಕ್ಕೆ ವ್ಯಾವಹಾರಿಕ ಕಾರಣವೂ ಇತ್ತು. ಆಫೀಸಿನಿಂದ ಅವರು ಹಂಚಿದ ಬದನೆ, ಬೀನ್ಸ್, ಪಪಾಯಿಗಳಲ್ಲಿ ಅರ್ಧ ನೀರಿಲ್ಲದೆ ಒಣಗುತ್ತಿದ್ದವು, ಉಳಿದರ್ಧವನ್ನು ಮೇಕೆಗಳು ಮೇಯುತ್ತಿದ್ದವು. ಈ ಹುಲ್ಲಿಗೆ ಬಚ್ಚಲ ನೀರು ಸಾಕು. ಆಡು ಕುರಿಗಳು ಮೂಸಿ ನೋಡಿ ಮುಖ ತಿರುಗಿಸುತ್ತವೆ. ವರ್ಷಗಟ್ಟಲೆ ಸೋತ ಕೈಗೆ ಸಾಯದ ಗಿಡವೊಂದು ಸಿಕ್ಕಿತ್ತು.

ಧರ್ಮಪುರದ ದಾರಿಯಲ್ಲಿದ್ದ ಗೊಲ್ಲರ ಹಟ್ಟಿಯೊಂದಕ್ಕೆ ಅವರು ಹುಲ್ಲು ಒಯ್ದ ದಿನದ ಕಥೆಯನ್ನು ಅವರೇ ನಗುತ್ತ ಹೇಳುತ್ತಿದ್ದರು. ಹಟ್ಟಿಯ ಹಿರಿಯ ಜುಂಜಪ್ಪನ ಮನೆಯ ಮುಂದೆ ನಿಂತು “ನಿಮ್ಗೆ ನಾಕು ಮರಿ ತಂದೀನಿ” ಎಂದಾಗ ಎಲ್ಲರೂ ಕುರಿಮರಿಗಳೆಲ್ಲಿ ಎಂದು ಅವರ ಬೆನ್ನ ಹಿಂದೆ ನೋಡಿದರಂತೆ. ಕೋಟಿನ ಜೇಬಿನಿಂದ ಹುಲ್ಲು ಹೊರಬಂದಾಗ ಜುಂಜಪ್ಪ ಅದನ್ನು ಹಿಡಿದು ನೋಡಿ, ಪಕ್ಕದಲ್ಲಿದ್ದ ಟಗರಿನ ಮೂತಿಗೆ ಒಡ್ಡಿದ. ಟಗರು ಸೀನಿ ಹಿಂದೆ ಸರಿಯಿತು.

“ಕುರಿ ತಿನ್ನದ ಹುಲ್ನ ಮನುಷ್ಯ ಯಾಕೆ ತಿನ್ಬೇಕವ್ವ?”

“ತಿನ್ಬ್ಯಾಡಿ ಯಜಮಾನ್ರೆ, ಕುಡೀರಿ.”

ಆ ಮನೆಯ ಸೊಸೆ ಹುಚ್ಚಕ್ಕ ನಕ್ಕಳು. ನಕ್ಕವಳೇ ಮರಿಗಳನ್ನು ಮಡಿಲಿಗೆ ಹಾಕಿಕೊಂಡಳು. ಗಂಡ ಗೊಲ್ಲಪ್ಪ ವರ್ಷದಲ್ಲಿ ಬಹುಕಾಲ ಕುರಿಮಂದೆಯ ಜೊತೆ ಆಂಧ್ರದ ಗಡಿಯಾಚೆ ಇರುತ್ತಿದ್ದ. ಮನೆಯಲ್ಲಿ ಮಾವ, ಸೊಸೆ, ಮತ್ತು ಚಿತ್ತಮ್ಮನೆಂಬ ಮಗಳು. ಹುಚ್ಚಕ್ಕನ ಬಚ್ಚಲ ಹಿಂದೆ ಆ ಹುಲ್ಲು ಎಷ್ಟು ಚೆನ್ನಾಗಿ ಕಚ್ಚಿಕೊಂಡಿತೆಂದರೆ, ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿ, ಹೊರಗಿನ ಗರಿಗಳನ್ನಷ್ಟೇ ಕುಡುಗೋಲಿನಿಂದ ಕುಯ್ದು, ಅವಳು ಅದನ್ನು ಸಾಕಿದ ರೀತಿಯನ್ನು ಉಚ್ಚಂಗಮ್ಮನವರು ಬೇರೆ ಊರುಗಳಲ್ಲಿ ಉದಾಹರಣೆಯಾಗಿ ಹೇಳುತ್ತಿದ್ದರು. ಆಡಿನ ಹಾಲಿನ ಟೀಯಲ್ಲಿ ಆ ಗರಿ ಕುದಿಸಿದರೆ ಹಾಲಿನ ವಾಸನೆ ಅಡಗುತ್ತದೆಂದು, ಹುರುಳಿಕಟ್ಟಿನ ಸಾರಿಗೆ ಕೊನೆಯಲ್ಲಿ ಒಂದು ಗಂಟು ಹಾಕಿ ತೆಗೆದರೆ ಸಾರಿನ ಗುಣವೇ ಬೇರೆಯಾಗುತ್ತದೆಂದು ಕಂಡುಕೊಂಡವಳು ಹುಚ್ಚಕ್ಕನೇ. ಆ ಸಾರನ್ನು ನಾನೂ ಉಂಡಿದ್ದೇನೆ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಚಿತ್ರವನ್ನು ಬರೆಯುವ ಅಗತ್ಯವಿರಲಿಲ್ಲ. ಮಜ್ಜಿಗೆಗೆ ರುಚಿ ಬರುತ್ತದೆ ಎಂದಷ್ಟೇ ಹೇಳಿದರೆ ಗುಣಿ ತೋಡುವವರು ಕಡಿಮೆ. “ರುಚಿಗೇನು, ಉಪ್ಪಿಲ್ವಾ?” ಎನ್ನುತ್ತಿದ್ದರು. “ಇದು ಯಾತಕ್ಕೆ ಒಳ್ಳೇದು?” ಎಂಬುದು ಎಲ್ಲ ಹೊಸ್ತಿಲಲ್ಲೂ ಎದುರಾಗುತ್ತಿದ್ದ ಪ್ರಶ್ನೆ. ಉಚ್ಚಂಗಮ್ಮನವರು ಮೊದಮೊದಲು ನೆಗಡಿಗೆ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಶುಂಠಿ ಬೆಲ್ಲದ ಜೊತೆ ಕುದಿಸಿದ ಬಿಸಿ ಕಷಾಯ ಕಟ್ಟಿದ ಮೂಗಿಗೆ ಹಿತವೇ. ಮುಂದಿನ ಊರಲ್ಲಿ ಯಾರೋ ಹೊಟ್ಟೆ ಉಬ್ಬರ ಕಡಿಮೆಯಾಯಿತೆಂದರು, ಅದರ ಮುಂದಿನ ಊರಲ್ಲಿ ಅವರು ಅದನ್ನೂ ಸೇರಿಸಿದರು. ಮೈಕೈ ನೋವು ಸೇರಿತು. ನಿದ್ದೆ ಸೇರಿತು. ಕೇಳುವವರ ಕಣ್ಣಿನಲ್ಲಿ ಆಸೆ ಹೊಳೆದಂತೆಲ್ಲ ಹೇಳುವವರ ಮಾತು ಒಂದು ಗೇಣು ಮುಂದೆ ಹೋಗುತ್ತದೆ. ಇದು ಉಚ್ಚಂಗಮ್ಮನವರೊಬ್ಬರ ದೌರ್ಬಲ್ಯವಲ್ಲ. ಪಾಠ ಹೇಳುವ ನಾವೆಲ್ಲರೂ ಬಲ್ಲ ಅಮಲು ಅದು. ಎಪ್ಪತ್ತೈದರ ಹೊತ್ತಿಗೆ ಅವರ ಬಾಯಲ್ಲಿ ಜ್ವರದ ಮಾತೂ ಬಂದಿತ್ತು. “ಬೆವರು ಬರ್ಸಿ ಜ್ವರ ಇಳಿಸ್ತೈತೆ,” ಎಂದು ಗೋಡೆಯಾಚೆ ಅವರು ಯಾರಿಗೋ ಹೇಳುತ್ತಿದ್ದುದನ್ನು ಕೇಳಿದ ನೆನಪು ನನಗಿದೆ. ಜಿಲ್ಲೆಯಿಂದ ಬಂದ ಅಧಿಕಾರಿಯೊಬ್ಬರು ಅವರ ಕೈಯ ಮಜ್ಜಿಗೆ ಕುಡಿದು, ಸಭೆಯಲ್ಲಿ ನಾಲ್ಕು ಹೊಗಳಿಕೆಯ ಮಾತಾಡಿದ ಮೇಲಂತೂ ಹಳ್ಳಿಯವರು ಅವರನ್ನು ‘ಹುಲ್ಲಿನ ಅಕ್ಕೋರು’ ಎಂದೇ ಕರೆಯತೊಡಗಿದರು. ಅವರಿಗೆ ಆ ಹೆಸರು ಇಷ್ಟವಾಗಿತ್ತು.

ಎಪ್ಪತ್ತಾರರ ಮಳೆಗಾಲ ಮುಗಿಯುವ ವೇಳೆಗೆ ಧರ್ಮಪುರದ ಸುತ್ತ ಜ್ವರ ಎದ್ದಿತು. ನಡುಗಿಸಿ ಬಂದು, ಸುಟ್ಟು, ಬೆವರಿ ಇಳಿಯುವ, ಒಂದು ದಿನ ಸುಮ್ಮನಿದ್ದು ಮತ್ತೆ ಬರುವ ಜ್ವರ. ಉಚ್ಚಂಗಮ್ಮನವರು ಬೇರೊಂದು ಹೋಬಳಿಯ ಕೆಲಸದಲ್ಲಿದ್ದು, ಕೆಲವು ವಾರಗಳ ಮೇಲೆ ಹಟ್ಟಿಗೆ ಹೋದರು. ಬಸ್ಸಿಳಿದು, ಶೇಂಗಾ ಹೊಲಗಳ ನಡುವಿನ ದಾರಿಯಲ್ಲಿ ನಡೆದು, ಎಂದಿನಂತೆ ಮೊದಲು ಹುಚ್ಚಕ್ಕನ ಹಿತ್ತಿಲಿಗೆ ಹೋದರು. ಹುಲ್ಲಿನ ಬುಡ ಬೋಳಾಗಿತ್ತು. ಒಂದು ಗರಿ ಉಳಿಯದಂತೆ, ನೆಲಕ್ಕೆ ಸಮನಾಗಿ ಕುಯ್ದಾಗಿತ್ತು. ಅವರ ಮೊದಲ ಭಾವನೆ ಸಂತೋಷವಂತೆ: ಇಷ್ಟು ಬಳಸುತ್ತಿದ್ದಾಳಲ್ಲ ಎಂದು. ಆಮೇಲೆ, ಅಷ್ಟು ಜೋಪಾನವಾಗಿ ಹೊರಗರಿ ಮಾತ್ರ ಕುಯ್ಯುತ್ತಿದ್ದವಳು ಹೀಗೇಕೆ ಬೋಳಿಸಿದಳೆಂಬ ಯೋಚನೆ ಬಂದು, ಕೂಗುವುದನ್ನೂ ಮರೆತು ಒಳಗೆ ಹೋದರು.

ಚಿತ್ತಮ್ಮ ಕಂಬಳಿಯ ಮೇಲೆ ಮಲಗಿದ್ದಳು. ಕಣ್ಣು ಅರೆ ತೆರೆದಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದಳು. ಒಲೆಯ ಮೇಲೆ ಕಷಾಯ ಕುದಿಯುತ್ತಿತ್ತು.

“ಯಾವಾಗಿಂದ ಜ್ವರ?”

“ಅಮಾಸೆ ಹಿಂದಿನಿಂದ ಅಕ್ಕೋರೆ. ಬತ್ತೈತೆ, ನಿಮ್ಮ ಹುಲ್ಲು ಕುಡಿಸಿದ್ರೆ ಬೆವ್ತು ಬಿಡ್ತೈತೆ. ಮಾರ್ನೆ ದಿನ ಎದ್ದು ಆಡ್ತಾಳೆ. ಮತ್ತೆ ಬತ್ತೈತೆ.” ಹುಚ್ಚಕ್ಕನ ಧ್ವನಿಯಲ್ಲಿ ಭಯವಿತ್ತು, ಅದರ ಜೊತೆ ವಿಧೇಯ ವಿದ್ಯಾರ್ಥಿನಿಯ ಹೆಮ್ಮೆಯೂ ಇತ್ತು. “ರಕ್ತ ತಗಳಾಕೆ ಮಲೇರಿಯಾದವ್ರು ಬಂದಿದ್ರು. ಅವತ್ತು ಜ್ವರ ಬಿಟ್ಟಿತ್ತು. ಅಕ್ಕೋರ ಔಷಧ ಕೊಡ್ತಾ ಇದೀವಿ, ವಾಸಿಯಾಗೈತೆ ಅಂದು ಕಳಿಸ್ದೆ. ನೀವು ಹೇಳ್ದಂಗೇ ಮಾಡೀನಿ. ಒಂದ್ಸಾರಿನೂ ತಪ್ಪಿಸಿಲ್ಲ.”

ತಮ್ಮ ಅಭ್ಯಾಸದಂತೆ ಆ ಕೊನೆಯ ಪದವನ್ನು ಹಿಂದಿರುಗಿಸಿ ಕೇಳಲು ಹೋದರೆ ನಾಲಗೆ ಏಳಲಿಲ್ಲವೆಂದು ಉಚ್ಚಂಗಮ್ಮನವರು ನನ್ನೊಡನೆ ಹೇಳಿದರು. ಕೋಟು ಬಿಚ್ಚಿ ಹುಡುಗಿಯನ್ನು ಅದರಲ್ಲಿ ಸುತ್ತಿ ಎತ್ತಿಕೊಂಡರು. ಮುದುಕ ಜುಂಜಪ್ಪ ಅಡ್ಡ ನಿಂತು, ಮಗ ಊರಲ್ಲಿಲ್ಲ, ದೇವರಿಗೆ ಹೇಳಿಕೊಂಡಿದ್ದೇವೆ, ಬೆಳಗಾಗಲಿ ನೋಡೋಣ ಎಂದ. “ಬೆಳಗಾಗಾಕೆ ಬಿಟ್ರೆ ಇದು ಇರಲ್ಲ. ದಾರಿ ಬಿಡ್ರಿ!” ಎಂದು ಅವರು ಕೂಗಿದ ದನಿಗೆ ಹಟ್ಟಿಯೇ ಹೊರಗೆ ಬಂತು. ಆ ಹೊತ್ತಿಗೆ ಬಸ್ಸಿರಲಿಲ್ಲ. ಅವರೂ ಹುಚ್ಚಕ್ಕನೂ ಸರದಿಯ ಮೇಲೆ ಹುಡುಗಿಯನ್ನು ಎತ್ತಿಕೊಂಡು ರಸ್ತೆಯವರೆಗೆ ಓಡಿ, ಶೇಂಗಾ ಮೂಟೆಯ ಲಾರಿಯೊಂದನ್ನು ನಡುರಸ್ತೆಯಲ್ಲಿ ನಿಂತು ತಡೆದು, ಸಂಜೆಯ ಹೊತ್ತಿಗೆ ಹಿರಿಯೂರಿನ ಆಸ್ಪತ್ರೆ ಮುಟ್ಟಿದರು.

ಸುದ್ದಿ ತಿಳಿದು ನಾನು ಹೋದಾಗ ಉಚ್ಚಂಗಮ್ಮನವರು ಆಸ್ಪತ್ರೆಯ ಜಗುಲಿಯಲ್ಲಿ, ಕೋಟಿಲ್ಲದೆ, ಹಿಂದೆಂದೂ ಕಾಣದಷ್ಟು ಸಣ್ಣವರಾಗಿ ಕುಳಿತಿದ್ದರು. ಡಾಕ್ಟರು ಹೊರಬಂದು, ಮಲೇರಿಯ ಮಿದುಳಿಗೆ ಏರಿದೆ, ಕ್ವಿನೈನ್ ಹಾಕಿದ್ದೇವೆ ಎಂದರು. ಈ ಜ್ವರ ತಾನಾಗಿಯೇ ಇಳಿದು ತಾನಾಗಿಯೇ ಏರುತ್ತದೆ, ಇಳಿದದ್ದನ್ನು ನೋಡಿ ಜನ ಮೋಸಹೋಗುತ್ತಾರೆ ಎಂದೂ ಹೇಳಿದರು. ಅವರಿಗೆ ಹುಲ್ಲಿನ ವಿಷಯ ಗೊತ್ತಿರಲಿಲ್ಲ. ಉಚ್ಚಂಗಮ್ಮನವರು ಎದ್ದು ನಿಂತು, “ಮೋಸ ಮಾಡಿದ್ದು ಜ್ವರ ಅಲ್ಲ ಸಾರ್,” ಎಂದರು. ಡಾಕ್ಟರು ಅರ್ಥವಾಗದೆ ಒಳಗೆ ಹೋದರು.

“ಮೇಷ್ಟ್ರೆ, ಹುಚ್ಚಕ್ಕ ನನ್ನ ಬೈದಿದ್ರೆ ತಡ್ಕಂತಿದ್ದೆ,” ಎಂದರು ಆಮೇಲೆ. “ಕೈ ಮುಗೀತಾಳ್ರಿ.”

ಚಿತ್ತಮ್ಮ ಉಳಿದಳು. ಕಣ್ಣು ಬಿಟ್ಟು ಅವ್ವನನ್ನು ಕರೆಯಲು ಕೆಲವು ದಿನ ಹಿಡಿಯಿತು. ಒಂದು ಕಿವಿ ಮಂದವಾಗಿಯೇ ಉಳಿಯಿತು. ಅದು ರೋಗದ ಫಲವೋ ಮದ್ದಿನ ಫಲವೋ ಹೇಳಲಾಗದು ಎಂದರು ಡಾಕ್ಟರು. ಆದರೆ ಹುಡುಗಿ ತನ್ನ ಕಾಲ ಮೇಲೆ ನಡೆದು ಹಟ್ಟಿಗೆ ಹೋದಳು. ಅಲ್ಲಿಗೆ ಕಥೆ ಸುಖಾಂತವಾಗಬಹುದಿತ್ತು. ಉಚ್ಚಂಗಮ್ಮನವರಿಗೆ ನಿಜವಾದ ಕಷ್ಟ ಶುರುವಾದದ್ದು ಆಗಲೇ.

ಏಕೆಂದರೆ ಹಟ್ಟಿಯ ಜನ ಇಡೀ ಘಟನೆಯನ್ನು ಬೇರೆಯದೇ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದರು. ಆಸ್ಪತ್ರೆ ಸೇರುವ ತನಕ ಮಗುವಿನ ಜೀವ ಹಿಡಿದಿಟ್ಟದ್ದು ಅಕ್ಕೋರ ಹುಲ್ಲೇ. ಅದಿಲ್ಲದಿದ್ದರೆ ಮೊದಲ ವಾರವೇ ಹೋಗುತ್ತಿತ್ತು. ಅಷ್ಟಲ್ಲದೆ ಅಕ್ಕೋರೇ ದೇವರಂತೆ ಬಂದು ಎತ್ತಿಕೊಂಡು ಹೋದರು. ಹುಲ್ಲನ್ನು ಹಾಸ್ಯಮಾಡಿದ್ದ ಜುಂಜಪ್ಪನೇ ಈಗ ಅದರ ಮಹಿಮೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಸುತ್ತಲ ಊರುಗಳಿಂದ ಮರಿಗಳನ್ನು ಕೇಳಿಕೊಂಡು ಜನ ನಮ್ಮ ಮನೆಯವರೆಗೂ ಬರತೊಡಗಿದರು. ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಯಾರೂ ಅವರ ಮೇಲೆ ಬೆರಳು ತೋರಿಸಿರಲಿಲ್ಲ. ತೋರಿಸುವಷ್ಟು ತಿಳಿದವರೂ ಇರಲಿಲ್ಲ. ಒಂದು ವಾರ ಅವರು ಮರಿ ಕೇಳಿ ಬಂದವರಿಗೆ ಇಲ್ಲವೆಂದು ಹೇಳಿ ಕಳಿಸಿದರು. ಆಮೇಲೆ ಒಂದು ಬೆಳಿಗ್ಗೆ ಕೋಟು ತೊಟ್ಟು, ಖಾಲಿ ಜೇಬುಗಳೊಂದಿಗೆ, ಧರ್ಮಪುರದ ಬಸ್ಸು ಹತ್ತಿದರು.

ಹಟ್ಟಿಯಲ್ಲಿ ಎಲ್ಲ ಹೆಂಗಸರನ್ನೂ ಸೇರಿಸಿ ಅವರು ಆಡಿದ ಮಾತು ದೀರ್ಘವಾಗಿರಲಿಲ್ಲ. “ಮಜ್ಜಿಗೆಗೆ ಹಾಕ್ಕಳ್ರಿ, ಟೀಗೆ ಹಾಕ್ಕಳ್ರಿ, ಸಾರಿಗೆ ಹಾಕ್ಕಳ್ರಿ. ಜ್ವರಕ್ಕೆ ಇದು ಔಷಧ ಅಲ್ಲ. ಹೌದು ಅಂತ ಹೇಳಿದ್ದು ನಾನು. ತಪ್ಪು ಹೇಳಿದ್ದೆ.”

ಜುಂಜಪ್ಪ ಇದು ದೊಡ್ಡವರ ವಿನಯವೆಂದು ತಿಳಿದು ನಕ್ಕ, ಉಳಿದವರೂ ನಕ್ಕರು. ನಗದವಳು ಹುಚ್ಚಕ್ಕನೊಬ್ಬಳೇ. ಅವಳು ಆ ಮಾತನ್ನು ಕೊನೆಯವರೆಗೆ ಯೋಚಿಸಿದ್ದಳು.

“ಹಂಗಾರೆ ನನ್ನ ಮಗೀಗೆ ನಾನೇ… ದಿನಾ ದಿನಾ ನಾನೇ ಕುಡಿಸ್ಕಂತಾ ಕುಂತಿದ್ನಾ?”

“ನೀನಲ್ಲ ಕಣವ್ವ. ನೀನು ನಂಬಿದ್ದು ನನ್ನ ಮಾತ್ನ.”

“ಕುಡಿಸಿದ್ದು ನನ್ನ ಕೈಯಲ್ವಾ ಅಕ್ಕೋರೆ?”

ಅಷ್ಟು ಹೇಳಿ ಒಳಗೆ ಹೋದವಳು ಮತ್ತೆ ಹೊರಬರಲಿಲ್ಲ. ನಿಜ ಹೇಳಿದರೆ ತಮ್ಮ ಹೆಗಲ ಭಾರ ಇಳಿಯುತ್ತದೆಂದು ಉಚ್ಚಂಗಮ್ಮನವರು ಎಣಿಸಿದ್ದರೇನೋ. ಇಳಿದದ್ದರಲ್ಲಿ ಅರ್ಧ ಆ ತಾಯಿಯ ಹೆಗಲ ಮೇಲೆ ಹೋಗಿ ಕುಳಿತಿತ್ತು. ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಗೋಡೆಯಾಚೆಯ ಒಲೆಯ ಮೌನದಿಂದ ನನಗೆ ತಿಳಿಯಿತು. ಮರುದಿನ ನಾನು ಕೇಳಿದೆ: ಹೇಳದಿದ್ದರೆ ಆಗುತ್ತಿರಲಿಲ್ಲವೇ? ಮುಂದೆ ಹೊಸಬರಿಗೆ ಎಚ್ಚರಿಕೆಯಿಂದ ಹೇಳಿದರೆ ಸಾಕಿತ್ತಲ್ಲ? ಅವರು “ಆಕಿಗಿನ್ನೊಂದು ಮಗು ಆದ್ರೆ?” ಎಂದಷ್ಟೇ ಕೇಳಿ ಕೆಲಸಕ್ಕೆ ಹೊರಟರು.

ಮುಂದಿನ ಒಂದು ವರ್ಷಕ್ಕೂ ಮಿಕ್ಕಿ ಅವರು ಇದೇ ಕೆಲಸ ಮಾಡಿದರು. ಹುಲ್ಲು ಕೊಟ್ಟ ಪ್ರತಿ ಮನೆಗೂ ಮತ್ತೆ ಹೋಗುವುದು, ಆಗ ಮಾಡಿದ ಹೊಗಳಿಕೆಯಲ್ಲಿ ಹೆಚ್ಚಾದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಕೊಡುವಾಗ ಇದ್ದ ಸ್ವಾಗತ ಈಗ ಎಲ್ಲಿಯದು? ಒಂದೂರಲ್ಲಿ, ಮೇಲಿನವರು ಹೆದರಿಸಿದ್ದಾರೆ, ಅದಕ್ಕೇ ಮುಚ್ಚಿಡುತ್ತಿದ್ದಾರೆ ಎಂದರು. ಇನ್ನೊಂದೂರಲ್ಲಿ, ಇವರಿಗೇ ಗೊತ್ತಿಲ್ಲ, ನಮಗೇನು ಹೇಳುತ್ತಾರೆ ಎಂದು ಮಹಿಳಾ ಮಂಡಳಿಗೆ ಬರುವುದನ್ನೇ ಬಿಟ್ಟರು. ಬಾಣಂತಿಯರು ಕಬ್ಬಿಣದ ಮಾತ್ರೆ ನುಂಗಲೂ ಸಂಶಯಪಟ್ಟರು. ಒಂದು ತಪ್ಪು ಒಪ್ಪಿಕೊಂಡವರ ಹತ್ತು ಸರಿಗಳೂ ಅಲುಗಾಡುತ್ತವೆಂಬುದನ್ನು ನಾನು ಹತ್ತಿರದಿಂದ ನೋಡಿದೆ. ಅವರ ಮೇಲಧಿಕಾರಿಯೊಬ್ಬರು ಕರೆಸಿ, “ದೂರು ಕೊಟ್ಟವರಿಲ್ಲ, ಕೇಳಿದವರಿಲ್ಲ, ನೀವೇ ಯಾಕೆ ಡಂಗುರ ಹೊಡೀತೀರಿ? ಸುಮ್ಮನಿರಿ,” ಎಂದರಂತೆ. ಅದಕ್ಕೆ ಇವರು ಕೊಟ್ಟ ಉತ್ತರವನ್ನು ಆಫೀಸಿನ ಜವಾನ ಶಿವಯ್ಯ ನನಗೆ ಒಪ್ಪಿಸಿದ: “ನಾನು ಸುಮ್ನಾದ್ರೂ ನನ್ನ ಮಾತು ಜನರ ಹಿತ್ತಲಾಗೆ ಬೆಳೀತಾನೇ ಇರ್ತೈತಲ್ಲ ಸಾರ್.”

ಹೊಸದುರ್ಗದ ಕಡೆ ಅವರು ರಜಾದಿನಗಳಲ್ಲಿ ಹೋಗುತ್ತಿದ್ದರು; ಅದು ಈಗ ಅವರ ಕೆಲಸದ ಪ್ರದೇಶವಲ್ಲ. ಒಂದು ಭಾನುವಾರ ಹಾಲುರಾಮೇಶ್ವರದ ದರ್ಶನಕ್ಕೆಂದು ಹೊರಟಿದ್ದ ನಾನು ಅವರ ಜೊತೆಯಾದೆ. ದೇವಸ್ಥಾನದಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಯಲ್ಲಕ್ಕನೆಂಬ ಕೂಲಿ ಹೆಂಗಸಿನ ಮನೆ. ಅವಳ ಮುದಿತಾಯಿಗೆ ಉಬ್ಬಸ. ಹಿಂದೆ ಇವರೇ ಕೊಟ್ಟ ಹುಲ್ಲಿನ ಕಷಾಯ ಕುಡಿದು ಆಕೆ ಮಲಗುತ್ತಿದ್ದಳು. ಉಚ್ಚಂಗಮ್ಮನವರು ಬಂದ ವಿಷಯ ಹೇಳುತ್ತಲೇ ಯಲ್ಲಕ್ಕ ಸಿಡಿದಳು.

“ನಮ್ಮವ್ವ ಇದ್ನೇ ನಂಬ್ಕಂಡು ರಾತ್ರಿ ಕಣ್ಣು ಮುಚ್ತೈತೆ. ಕೊಟ್ಟೋರೂ ನೀವೇ, ಈಗ ಬಂದು ಕಿತ್ಕಣಾರೂ ನೀವೇನಾ?”

ಹೇಳಿದವಳೇ ಹಿತ್ತಿಲಿಗೆ ಹೋಗಿ ಹುಲ್ಲಿನ ಬುಡವನ್ನು ಗುದ್ದಲಿಯಿಂದ ಮೀಟಿ ಎಬ್ಬಿಸಿ ನಮ್ಮ ಮುಂದೆ ತಂದು ಎಸೆದಳು. ಒಳಗಿನಿಂದ ಮುದುಕಿ ಏನೆಂದು ಕೇಳುತ್ತ ಕೆಮ್ಮಿದಳು. ನಾನು ಹೊರಡೋಣವೆಂದು ಸನ್ನೆ ಮಾಡಿದೆ. ಉಚ್ಚಂಗಮ್ಮನವರು ಕೋಟಿನ ತೋಳು ಸರಿಸಿ, ಆ ಬುಡವನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದರು. ನಡುವೆ ಸತ್ತ ಭಾಗವನ್ನು ಬಿಡಿಸಿ ತೆಗೆದು, ಎಳೆಯ ಮರಿಗಳನ್ನು ಅದೇ ಗುಣಿಯಲ್ಲಿ ಮತ್ತೆ ನೆಟ್ಟು, ಕಾಲಿನಿಂದ ಮಣ್ಣು ಒತ್ತಿದರು.

“ನಿದ್ದೆಗೆ ಕುಡೀಲಿ ಬಿಡವ್ವ, ಬಿಸಿಯಾಗಿ ಎದಿಗೆ ಹಿತ ಆಗ್ತೈತೆ. ಉಸಿರು ಕಟ್ಟಿದಾಗ ಮಾತ್ರ ಇದ್ನ ನೆಚ್ಕಂಡು ಕುಂತ್ಕಬ್ಯಾಡ. ಹೊಸದುರ್ಗದ ಆಸ್ಪತ್ರೆಗೆ ಕರ್ಕಂಡು ಹೋಗು. ಮುಂದಿನ ಭಾನುವಾರ ನಾನೇ ಬತ್ತೀನಿ, ಜತಿಗೆ ಹೋಗಾಣ.”

ಹೋದರು. ಒಂದು ಭಾನುವಾರವಲ್ಲ, ಹಲವು ಭಾನುವಾರ. ಮುದುಕಿಗೆ ಮಾತ್ರೆಗಳು ಸಿಕ್ಕವು, ಹುಲ್ಲೂ ಉಳಿಯಿತು. ಆ ದಿನದ ಯಲ್ಲಕ್ಕನ ಸಿಟ್ಟಿನ ಮುಂದೆ ಅವರು ತೋರಿದ ಶಾಂತಿಯನ್ನು ನಾನು ಬಸ್ಸಿನಲ್ಲಿ ಹೊಗಳಿದಾಗ, “ಶಾಂತಿಯಾ?” ಎಂದು ಕೇಳಿ ಕಿಟಕಿಯ ಕಡೆ ತಿರುಗಿದರು. ಅವರ ಕೆನ್ನೆ ಒದ್ದೆಯಾಗಿತ್ತು.

ಹುಚ್ಚಕ್ಕ ಮಾತ್ರ ಬಹುಕಾಲ ಅವರೊಡನೆ ಮಾತು ಬಿಟ್ಟಿದ್ದಳು. ಇವರು ಹಟ್ಟಿಗೆ ಹೋಗುವುದನ್ನು ಬಿಡಲಿಲ್ಲ. ಅವಳ ಅಂಗಳದಲ್ಲಿ ಕುಳಿತು, ಜುಂಜಪ್ಪನೊಡನೆ ಕುರಿಗಳ ವಿಷಯ ಮಾತಾಡಿ, ಚಿತ್ತಮ್ಮನ ಕೇಳುವ ಕಿವಿಯ ಕಡೆ ಕುಳಿತು ಅವಳಿಗೆ ಅಕ್ಷರ ತಿದ್ದಿಸಿ, ಬರುತ್ತಿದ್ದರು. ಎಪ್ಪತ್ತೆಂಟರ ಕೊನೆಯಲ್ಲಿ ಮತ್ತೆ ಜ್ವರದ ಕಾಲ ಬಂತು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ನಮ್ಮ ಮನೆಯ ಮುಂದೆ ಹುಚ್ಚಕ್ಕ ನಿಂತಿದ್ದಳು. ಅವಳ ಹಿಂದೆ ಹಟ್ಟಿಯ ಇನ್ನಿಬ್ಬರು ತಾಯಂದಿರು, ಕಂಬಳಿ ಸುತ್ತಿದ ಮಕ್ಕಳೊಂದಿಗೆ. ಉಚ್ಚಂಗಮ್ಮನವರು ಒಳಗಿನಿಂದ ಬಂದವರು ಅವಳನ್ನು ನೋಡಿ ಹೊಸ್ತಿಲಲ್ಲೇ ನಿಂತರು.

“ಇವ್ರು ಮನ್ಯಾಗೆ ಕಷಾಯ ಕಾಯಿಸ್ತಾ ಕುಂತಿದ್ರು ಅಕ್ಕೋರೆ,” ಎಂದಳು ಹುಚ್ಚಕ್ಕ. “ನಾನೇ ಒಲೆ ಆರ್ಸಿ ಎಳ್ಕಂಡು ಬಂದೆ. ಆಸ್ಪತ್ರ್ಯಾಗೆ ರಕ್ತ ತಗಂಡು ಮಾತ್ರೆ ಕೊಟ್ರು. ಬಸ್ಸಿಗೆ ಇನ್ನೂ ಹೊತ್ತೈತೆ. ಮಕ್ಳಿಗೆ ಒಂದು ತೊಟ್ಟು ಮಜ್ಜಿಗೆ ಸಿಗ್ತೈತಾ?”

“ಮಜ್ಜಿಗ್ಯಾ?” ಎಂದರು ಉಚ್ಚಂಗಮ್ಮನವರು. ಒಳಗೆ ಹೋಗಿ ಮಜ್ಜಿಗೆ ತಂದರು. ಮಕ್ಕಳು ಕುಡಿದವು, ಹುಚ್ಚಕ್ಕನೂ ಕುಡಿದಳು. ಇಬ್ಬರೂ ಹಳೆಯ ಮಾತೆತ್ತಲಿಲ್ಲ. ಹೊರಡುವಾಗ ಹುಚ್ಚಕ್ಕ ಅವರ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು, ಅಷ್ಟೆ.

ಮರುವರ್ಷ ಅವರಿಗೆ ಹೊಳಲ್ಕೆರೆಗೆ ವರ್ಗವಾಯಿತು. ಕೆಲವೇ ತಿಂಗಳಲ್ಲಿ ನಾನೂ ಬೇರೆ ಜಿಲ್ಲೆಗೆ ಹೋದೆ. ಹಿರಿಯೂರಿನ ಹಳ್ಳಿಗಳಲ್ಲಿ ಆ ಹುಲ್ಲು ಈಗಲೂ ಇದೆಯೆಂದು ಕೇಳುತ್ತೇನೆ. ಅದನ್ನು ತಂದವರು ಯಾರೆಂದು ಕೇಳಿದರೆ ಹೆಚ್ಚಿನವರಿಗೆ ತಿಳಿಯದಂತೆ.

ಹೊಸದೊಂದನ್ನು ಹೊತ್ತು ಊರೂರಿಗೆ ಹೋಗುವ ಉತ್ಸಾಹಿಗಳನ್ನು ನನ್ನ ವೃತ್ತಿಯಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಬೀಜ ಹಂಚುವವರು, ಪುಸ್ತಕ ಹಂಚುವವರು, ಉಪದೇಶ ಹಂಚುವವರು. ಅವರ ಪ್ರಾಮಾಣಿಕತೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಆಡಿದ ಮಾತು ಯಾರ ಮನೆಯಲ್ಲಿ ಏನಾಗಿ ಬೆಳೆಯಿತೆಂದು ನೋಡಲು ಅವರಲ್ಲಿ ಬಹುಮಂದಿ ಮರಳಿ ಬರುವುದಿಲ್ಲ. ಉಚ್ಚಂಗಮ್ಮನವರ ಬಗೆಯವರು ಮರಳಿ ಬರುತ್ತಾರೆ. ಚಪ್ಪಾಳೆ ಬಿದ್ದ ಅಂಗಳದಲ್ಲೇ ನಿಂತು ಬೈಸಿಕೊಳ್ಳುತ್ತಾರೆ. ತಾವೇ ಏರಿಸಿದ್ದನ್ನು ತಾವೇ ಇಳಿಸಿ, ಅದರಲ್ಲಿ ನಿಜವಾಗಿ ಇದ್ದಷ್ಟನ್ನು ಮಾತ್ರ ಜನರ ಕೈಯಲ್ಲಿ ಬಿಟ್ಟು ಹೋಗುತ್ತಾರೆ. ಅಂಥವರನ್ನು ಊರು ಬೇಗ ಮರೆಯುತ್ತದೆ, ಏಕೆಂದರೆ ಅವರು ಬಿಟ್ಟುಹೋದದ್ದರಲ್ಲಿ ಪವಾಡವೇನೂ ಉಳಿದಿರುವುದಿಲ್ಲ. ಆದರೆ ಎಲ್ಲಿಯೋ ಒಬ್ಬ ತಾಯಿ, ಮೈ ಸುಡುವ ಮಗುವನ್ನು ಎತ್ತಿಕೊಂಡು ತಡಮಾಡದೆ ಆಸ್ಪತ್ರೆಯ ದಾರಿ ಹಿಡಿದಾಗ, ಅವಳನ್ನು ಎಬ್ಬಿಸಿ ನಡೆಸುತ್ತಿರುವುದು ಹೆಸರು ಮರೆತುಹೋದ ಅಂಥ ಒಬ್ಬರು ಹಿಂದೊಮ್ಮೆ ತಲೆ ತಗ್ಗಿಸಿ ಆಡಿದ ಮಾತೇ ಆಗಿರುತ್ತದೆ.